ಮಾಂಟೆ ಕ್ಯಾಸಿನೊ: ಎಲ್ಲೆ ಹೇಳಿದ ಆಡುಮಾತು

ಗಂಗರ ಹಲವು ತಾಮ್ರಪಟಗಳಲ್ಲಿ ಪ್ರಶಸ್ತಿಯೆಲ್ಲ ಸಂಸ್ಕೃತ. ಎಲ್ಲೆಗಳ ವಿವರ ಬಂದ ಕೂಡಲೇ ಕನ್ನಡ. ಇದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ. ಇಟಲಿಯ ಮಾಂಟೆ ಕ್ಯಾಸಿನೊ ಮಠದ ದಾಖಲೆಯೊಂದು ಆ ಭ್ರಮೆ ಬಿಡಿಸಿತು.

ಸಂತ ಬೆನೆಡಿಕ್ಟ್ ಸುಮಾರು ಕ್ರಿ.ಶ. 529ರಲ್ಲಿ ಬೆಟ್ಟದ ಮೇಲೆ ಕಟ್ಟಿದ ಮಠವಿದು. 883ರ ದಾಳಿಯಲ್ಲಿ ಹಾಳಾಯಿತು. ಸನ್ಯಾಸಿಗಳು ಹತ್ತನೇ ಶತಮಾನದ ಮಧ್ಯದಲ್ಲಷ್ಟೇ ಮರಳಿದರು. ಆಮೇಲೆ ಶುರುವಾಯ್ತು ನೋಡಿ, ಜಮೀನಿನ ತಕರಾರು! 960ರಲ್ಲಿ ಅಕ್ವಿನೊದ ರೊಡೆಲ್‌ಗ್ರಿಮೊ ಎಂಬಾತ ಮಠದ ನೆಲ ತನ್ನದೆಂದು ಕಪುವಾದ ನ್ಯಾಯಾಧೀಶ ಅರೆಕಿಸಿಯ ಮುಂದೆ ವಾದಿಸಿದ. ಮೂವರು ಸಾಕ್ಷಿಗಳು ಒಬ್ಬೊಬ್ಬರಾಗಿ ಪ್ರಮಾಣ ಮಾಡಿದರು: ಈ ಎಲ್ಲೆಯೊಳಗಿನ ನೆಲ 30 ವರ್ಷ ಮಠದ ಅನುಭೋಗದಲ್ಲಿತ್ತು. ನೆಲ ಮಠಕ್ಕೇ ಉಳಿಯಿತು.

ಚರ್ಮಪತ್ರದ ಉಳಿದ ಬರಹ ಲ್ಯಾಟಿನ್. ಸಾಕ್ಷಿಯ ಮಾತು ಮಾತ್ರ ಜನರ ಆಡುನುಡಿ. ಇಟಾಲಿಯನ್ ಭಾಷೆಯ ಅತಿ ಹಳೆಯ ದಾಖಲೆಗಳಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನ.

1944ರ ಫೆಬ್ರವರಿ 15ರ ಬಾಂಬ್ ದಾಳಿಗೆ ಮಠ ನೆಲಸಮವಾಯಿತು. ಗ್ರಂಥಭಂಡಾರವನ್ನು 1943ರಲ್ಲೇ ಬೆಟ್ಟದಿಂದ ಇಳಿಸಿ ಸಾಗಿಸಿದ್ದರು. ಗೋಡೆ ಮತ್ತೆ ಕಟ್ಟಬಹುದು, ಕಟ್ಟಿದರು ಕೂಡ. ಆ ಮೂವರ ಮಾತು ಸುಟ್ಟಿದ್ದರೆ?