ಗೋಪನಕೊಪ್ಪದ ಮ್ಯಾಲೆ ಬಂದ ವಿಮಾನ ಇಳಿಯದೇ ಹೋಗಿದ್ಯಾಕೆ?

ಹುಬ್ಬಳ್ಳಿ: ಮಳೆಗಾಲದ ಸಂಜೆ ಗೋಪನಕೊಪ್ಪದಲ್ಲಿ ಬಸ್ಸಿಗೆ ಕಾದು ನಿಂತವರಿಗೆ ಕೆಲವೊಮ್ಮೆ ವಿಮಾನದ ಸದ್ದಷ್ಟೇ ಕೇಳುತ್ತದೆ, ವಿಮಾನ ಕಾಣುವುದಿಲ್ಲ. ಇನ್ನೇನು ಇಳಿಯಿತು ಅನ್ನುವಷ್ಟರಲ್ಲಿ ಗುಡುಗಿನಂತೆ ಸದ್ದು ಮಾಡಿ ಮೇಲೆದ್ದು ಹೋಗಿಬಿಡುತ್ತದೆ. "ಯಾಕ್ರೀ, ಡ್ರೈವರ್‌ಗೆ ನಮ್ಮೂರು ಗುರ್ತು ಸಿಗಲಿಲ್ಲೇನು?" ಎಂದು ನಗುವವರುಂಟು. ಊರಿನ ಗುರ್ತು ಸಿಕ್ಕಿರುತ್ತದೆ, ರನ್‌ವೇ ಕಂಡಿರುವುದಿಲ್ಲ!

ಗೋಕುಲ ರಸ್ತೆಯ ವಿಮಾನ ನಿಲ್ದಾಣದ ರನ್‌ವೇಗೆ ಎರಡು ತುದಿ, ಎರಡು ನಂಬರು: 08 ಮತ್ತು 26. ದಿಕ್ಸೂಚಿಯ ಡಿಗ್ರಿಯಲ್ಲಿ ಕೊನೆಯ ಸೊನ್ನೆ ಬಿಟ್ಟರೆ ಈ ನಂಬರು ಬರುತ್ತದೆ. 80 ಅಂದರೆ ಹೆಚ್ಚುಕಡಿಮೆ ಪೂರ್ವ, 260 ಅಂದರೆ ಪಶ್ಚಿಮ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಇಳಿಯಬೇಕು. ಬೆನ್ನ ಹಿಂದೆ ಜೋರು ಗಾಳಿ ಇದ್ದರೆ ನಿಲ್ಲಲು ದಾರಿ ಸಾಲದು. ಮಳೆಗಾಲದಾಗ ಪಡುವಣ ಗಾಳಿ. ಹಾಗಾಗಿ ವಿಮಾನ ಮೂಡಣದಿಂದ, ಅಂದರೆ ಊರಿನ ಕಡೆಯಿಂದ ಬರುತ್ತದೆ. ಮೂಡುಗಾಳಿ ಬಿಟ್ಟರೆ ಲೆಕ್ಕ ಉಲ್ಟಾ.

ಈ ಲೆಕ್ಕಕ್ಕೆ ಆಧಾರ 'ಮೆಟಾರ್' ಎಂಬ ಹವಾ ವರದಿ. ಗಾಳಿಯ ದಿಕ್ಕು, ವೇಗ, ಎಷ್ಟು ಮೀಟರ್ ದೂರದವರೆಗೆ ಕಣ್ಣು ಕಾಣುತ್ತದೆ, ಮೋಡ ಎಷ್ಟು ಅಡಿ ಮೇಲಿದೆ, ಉಷ್ಣಾಂಶ, ಗಾಳಿಯ ಒತ್ತಡ, ಎಲ್ಲವೂ ಒಂದೇ ಸಾಲಿನಲ್ಲಿ. ಅದರಲ್ಲಿ '26014' ಎಂದಿದ್ದರೆ ಗಾಳಿ 260 ಡಿಗ್ರಿ ಕಡೆಯಿಂದ 14 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 26 ಕಿ.ಮೀ. ಬೀಸುತ್ತಿದೆ ಎಂದರ್ಥ. ಆದರೆ ವರದಿ ಬರೆದ ಮೇಲೆ ಮಳೆ ಸುಮ್ಮನೆ ಕೂರುತ್ತದೆಯೇ? ಹತ್ತು ನಿಮಿಷದಲ್ಲಿ ಎಲ್ಲ ಬದಲು.

2015ರ ಮಾರ್ಚ್ 8, ಭಾನುವಾರ ಸಂಜೆ. ಬೆಂಗಳೂರಿನಿಂದ ಬಂದ ಸ್ಪೈಸ್‌ಜೆಟ್ ವಿಮಾನ ಜೋರು ಮಳೆಯಲ್ಲೇ ಇಲ್ಲಿ ಇಳಿಯಿತು. ನೆಲ ಮುಟ್ಟಿದ ಮೇಲೆ ಪೈಲಟ್‌ಗೆ ದಾರಿಯ ಗುರುತು ತಪ್ಪಿತು. ವಿಮಾನ ರನ್‌ವೇ ಬಿಟ್ಟು ಜಾರಿ, ಚಕ್ರದ ಕಾಲು ಮುರಿದು ಕುಸಿಯಿತು. ಒಳಗಿದ್ದವರು ಸಿಬ್ಬಂದಿ ಸೇರಿ 82 ಜನ. ದೇವರು ದೊಡ್ಡವನು, ಎಲ್ಲರೂ ಬದುಕಿದರು.

ಆಗ ರನ್‌ವೇ ಸುಮಾರು 1,670 ಮೀಟರ್, ಈಗ 2,600 ಮೀಟರ್. ಉದ್ದವೇನೋ ಆಯ್ತು, ಆದರೆ ಮಳೆಯ ಪರದೆ ಸರಿಸುವ ಕೆಲಸ ಡಾಂಬರಿನದಲ್ಲ. ನಿಗದಿಯಾದ ಎತ್ತರಕ್ಕೆ ಇಳಿದರೂ ರನ್‌ವೇ ಕಣ್ಣಿಗೆ ಬೀಳದಿದ್ದರೆ ಪೈಲಟ್ ಮೇಲೇರಲೇಬೇಕು. ಬೇರೆ ಊರಿಗೆ ಹೋಗುವಷ್ಟು ಇಂಧನ ಮೊದಲೇ ತುಂಬಿಸಿಕೊಂಡಿರುತ್ತಾನೆ.

ಬೆಂಗಳೂರಿಗೇ ವಾಪಸ್ಸಾದವರು ರಾತ್ರಿ ಬಸ್ಸು ಹಿಡಿದು ಬೆಳಗಿನ ಜಾವ ಹುಬ್ಬಳ್ಳಿ ಮುಟ್ಟಬೇಕು. ಸಿಟ್ಟು ಬರುತ್ತದೆ, ನಿಜ. ಮನೆಯವರು ಮಾತ್ರ ಬಾಗಿಲು ತೆಗೆದು, "ಬಂದ್ರಲ್ಲ, ಬರ್ರಿ" ಅನ್ನುತ್ತಾರೆ.