ಬೈಕ್ ಜಾಕೆಟ್‌ಗೂ ಬೇಕು ಗಾಳಿ!

ಗಲ್ಫ್‌ನಿಂದ ಬಂದ ಅಣ್ಣ ತಂದುಕೊಟ್ಟ ಲೆದರ್ ಜಾಕೆಟ್, ಮಗನೋ ಮಗಳೋ ಬುಲೆಟ್ ಓಡಿಸಲೆಂದು ಕೊಂಡ ಉದ್ದನೆಯ ಬೂಟು... ಭಟ್ಕಳ, ಹೊನ್ನಾವರ, ಕುಮಟಾದ ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ಜೂನ್‌ನಲ್ಲಿ ಕಪಾಟು ಸೇರಿದ ಆ ಜಾಕೆಟ್ಟನ್ನು ಚೌತಿ ಹೊತ್ತಿಗೆ ತೆಗೆದು ನೋಡಿದರೆ? ಮೈತುಂಬ ಬೂಷ್ಟು! 'ಅಯ್ಯೋ, ಅಷ್ಟು ದುಡ್ಡು ಕೊಟ್ಟದ್ದು ಹಾಳಾಯ್ತಲ್ಲ' ಎಂದು ಕೊರಗಬೇಡಿ. ಒಳ್ಳೆಯ ಚರ್ಮ ದಶಕಗಳ ಕಾಲ ಬಾಳುತ್ತದೆ. ಕರಾವಳಿಯಲ್ಲಿ ಅದನ್ನು ನೋಡಿಕೊಳ್ಳುವ ರೀತಿ ಮಾತ್ರ ಬೇರೆ.

ಬರೀ ಶೋಕಿಯಲ್ಲ

ಈ ಜಾಕೆಟ್ಟಿನ ಮೂಲ ನ್ಯೂಯಾರ್ಕ್. 1913ರಲ್ಲಿ ಶುರುವಾದ ಷಾಟ್ ಕಂಪನಿಯ ಇರ್ವಿಂಗ್ ಷಾಟ್, 1928ರಲ್ಲಿ ಬೈಕ್ ಸವಾರರಿಗೆಂದೇ ಜಿಪ್ ಇರುವ ಚರ್ಮದ ಜಾಕೆಟ್ ತಯಾರಿಸಿದರು. ತಮ್ಮ ಇಷ್ಟದ ಸಿಗಾರಿನ ಹೆಸರನ್ನೇ ಇಟ್ಟರು, 'ಪರ್ಫೆಕ್ಟೊ'. ಆಗ ಬೆಲೆ ಐದೂವರೆ ಡಾಲರ್! 1953ರ 'ದಿ ವೈಲ್ಡ್ ಒನ್' ಸಿನಿಮಾದಲ್ಲಿ ಮರ್ಲಾನ್ ಬ್ರಾಂಡೊ ಇಂಥ ಜಾಕೆಟ್ ತೊಟ್ಟ ಮೇಲೆ ಹುಡುಗರೆಲ್ಲ ಅದರ ಹಿಂದೆ ಬಿದ್ದರು.

ಆದರೆ ಅದರ ನಿಜವಾದ ಕೆಲಸ ರಕ್ಷಣೆ. ಬೈಕಿನಿಂದ ಬಿದ್ದಾಗ ರಸ್ತೆಗೆ ಉಜ್ಜುವುದು ಜಾಕೆಟ್ಟಿನ ಚರ್ಮ, ಮಗಳ ಮೈ ಅಲ್ಲ. ಬಿರುಕು ಬಿಟ್ಟ ಚರ್ಮ, ಸಡಿಲವಾದ ಹೊಲಿಗೆ ಆ ಹೊತ್ತಿನಲ್ಲಿ ಕೈಕೊಡುತ್ತವೆ. ಹೆದ್ದಾರಿ 66ರಲ್ಲಿ ಓಡಾಡುವವರ ಮನೆಯವರು ಇದನ್ನು ಮರೆಯಬಾರದು.

ಈ ಮೂರು ಬೇಡ

* ಸೋಪು ನೀರಲ್ಲಿ ನೆನೆಹಾಕಬೇಡಿ. ಚರ್ಮವನ್ನು ಮೆತ್ತಗಿಡುವ ಎಣ್ಣೆಯಂಶ ಹೊರಟುಹೋಗುತ್ತದೆ.
* ಉರಿಬಿಸಿಲಲ್ಲಿ, ಒಲೆಯ ಮೇಲೆ ಒಣಗಿಸಬೇಡಿ. ಒದ್ದೆ ಚರ್ಮ ಬಿಸಿಗೆ ಕುಗ್ಗಿ ಸೆಟೆದುಕೊಳ್ಳುತ್ತದೆ.
* ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಬೇಡಿ. ತೇವ ಒಳಗೇ ಉಳಿದು ಬೂಷ್ಟಿಗೆ ಹಬ್ಬ!

ಹೀಗೆ ಮಾಡಿ

* ಜಾಕೆಟ್ಟನ್ನು ಅಗಲವಾದ ಹ್ಯಾಂಗರಿಗೆ ಹಾಕಿ, ಹಳೆಯ ಹತ್ತಿ ಬೆಡ್‌ಶೀಟ್ ಹೊದಿಸಿ, ಗೋಡೆಗೆ ತಾಗದಂತೆ ತೂಗುಹಾಕಿ. ವಾರಕ್ಕೊಮ್ಮೆ ಫ್ಯಾನಿನ ಗಾಳಿಗೆ ಹಿಡಿಯಿರಿ.
* ನೆನೆದ ಬೂಟಿನೊಳಗೆ ಹಳೆಯ ಪೇಪರ್ ತುರುಕಿ ನೆರಳಲ್ಲಿಡಿ. ಪೇಪರ್ ಒದ್ದೆಯಾದಂತೆ ಬದಲಿಸಿ.
* ಬೂಷ್ಟು ಬಂದಿದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಒಣಬಟ್ಟೆಯಿಂದ ಒರೆಸಿ. ಬಳಿಕ ಸಮ ಪ್ರಮಾಣದ ಬಿಳಿ ವಿನೆಗರ್, ನೀರು ಬೆರೆಸಿ, ಬಟ್ಟೆ ಅದ್ದಿ ಹಿಂಡಿ ಹಗುರವಾಗಿ ಒರೆಸಿ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ಸ್ವೇಡ್ ಚರ್ಮಕ್ಕೆ ಇದು ಬೇಡ.
* ಪೂರ್ತಿ ಒಣಗಿದ ಮೇಲೆ ಲೆದರ್ ಕಂಡೀಷನರ್ ತೆಳುವಾಗಿ ಹಚ್ಚಿ. ಕೊಬ್ಬರಿ ಎಣ್ಣೆ ಸವರಿದರೆ ಬಣ್ಣ ಕಪ್ಪಾಗುತ್ತದೆ, ಧೂಳು ಅಂಟುತ್ತದೆ.
* ಉಪ್ಪುಗಾಳಿಗೆ ಜಿಪ್ ಬಿಗಿಯಾದರೆ ಮೇಣದಬತ್ತಿ ಉಜ್ಜಿ.
* ಮಳೆಯಲ್ಲಿ ಬೈಕ್ ಹತ್ತುವಾಗ ಜಾಕೆಟ್ಟಿನ ಮೇಲೆ ರೇನ್‌ಕೋಟ್ ಇರಲಿ.

ಕೊಳ್ಳುವ ಮುನ್ನ

ಅಗ್ಗದ್ದೆಂದು ಮರುಳಾಗಬೇಡಿ. ಒಳಗಿನ ಅಂಚನ್ನು ನೋಡಿ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ ಕಂಡರೆ ಅದು ನಕಲಿ ಚರ್ಮ. ನಮ್ಮ ಸೆಕೆ, ತೇವಕ್ಕೆ ಕೆಲವೇ ವರ್ಷಗಳಲ್ಲಿ ಸಿಪ್ಪೆಯಂತೆ ಸುಲಿಯುತ್ತದೆ, ಯಾವ ಆರೈಕೆಗೂ ಉಳಿಯದು. ನಿಜವಾದ ಚರ್ಮದ ಅಂಚಿನಲ್ಲಿ ನಾರುನಾರು ಕಾಣುತ್ತದೆ.

ಚರ್ಮದ ಬೂಟು, ಬೆಲ್ಟು, ಚೀಲ ಬೇಕೆಂದರೆ ನಮ್ಮದೇ ಲಿಡ್ಕರ್ ಇದೆ. ಚರ್ಮ ಕುಶಲಕರ್ಮಿಗಳಿಗೆ ಆಸರೆಯಾಗಲೆಂದು ರಾಜ್ಯ ಸರ್ಕಾರ 1976ರಲ್ಲಿ ಕಟ್ಟಿದ ನಿಗಮವಿದು. 2023ರಲ್ಲಿ ನಟ ಡಾಲಿ ಧನಂಜಯ ಸಂಭಾವನೆ ಪಡೆಯದೆ ಇದರ ರಾಯಭಾರಿಯಾದರು.

ಹೊಲಿಗೆ ಬಿಟ್ಟರೆ, ಅಟ್ಟೆ ಕಿತ್ತರೆ ಎಸೆಯಬೇಡಿ. ನಿಮ್ಮ ಪೇಟೆಯ ಚಮ್ಮಾರರ ಬಳಿ ಒಯ್ಯಿರಿ. ಅವರ ಕೈಯ ನಾಲ್ಕು ಹೊಲಿಗೆ ಬಿದ್ದರೆ ಬೂಟು ಇನ್ನಷ್ಟು ಮಳೆಗಾಲ ಕಾಣುತ್ತದೆ. ಅವರಿಗೂ ದಿನದ ದುಡಿಮೆಯಾಯಿತು, ಅಲ್ಲವೇ?