ದನಿಯೇ ಬಂಡವಾಳವಾದಾಗ

ನಿಮ್ಮ ಮಗಳು ಹೇಗೆ ಮಾತನಾಡುತ್ತಾಳೆ ಎಂದು ಎಂದಾದರೂ ಗಮನವಿಟ್ಟು ಕೇಳಿದ್ದೀರಾ? ನಮ್ಮ ಹಿಡಕಲ್ ಭಾಗದ ಮಕ್ಕಳಿಗೆ ಮನೆಯಲ್ಲಿ ಉರ್ದು, ಓಣಿಯಲ್ಲಿ ಬೆಳಗಾವಿ ಕಡೆಯ ಕನ್ನಡ, ಸಂತೆಯಲ್ಲಿ ಮರಾಠಿ. ಹೀಗೆ ಮೂರು ಭಾಷೆಗಳ ನಡುವೆ ಬೆಳೆದ ಒಬ್ಬ ಹುಡುಗಿಗೆ ಶಾಲೆಯ ವಾರ್ಷಿಕೋತ್ಸವದ ನಿರೂಪಣೆ ಒಪ್ಪಿಸಿದ್ದೆ. ಮರುದಿನವೇ ಅವಳ ತಾಯಿ ಬಂದರು. "ಅಕ್ಕೋರೆ, ಹುಡುಗಿ ಮಂದಿ ಮುಂದ ಮೈಕ್ ಹಿಡದ್ರ ನಾಕ್ ಮಂದಿ ಏನಂದಾರು?" ಎಂದರು.

ನಾನು ವಾದಕ್ಕೆ ಇಳಿಯಲಿಲ್ಲ. ಅಪರ್ಣಾ ಅವರ ವಿಷಯ ಹೇಳಿದೆ.

ಚಿಕ್ಕಮಗಳೂರು ಜಿಲ್ಲೆ ಕಡೂರು ತಾಲೂಕಿನ ಪಂಚನಹಳ್ಳಿಯವರಾದ ಅಪರ್ಣಾ 1980ರ ದಶಕದಲ್ಲಿ ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ 'ಮಸಣದ ಹೂವು' ಮೂಲಕ ಪರಿಚಿತರಾದರು. ಆದರೆ ನಾಡು ಅವರನ್ನು ನೆನಪಿಟ್ಟುಕೊಂಡದ್ದು ಮುಖಕ್ಕಿಂತ ಹೆಚ್ಚಾಗಿ ದನಿಗಾಗಿ. 1993ರಲ್ಲಿ ಬೆಂಗಳೂರು ಆಕಾಶವಾಣಿಯ ಎಫ್.ಎಂ. ವಾಹಿನಿಯ ಮೊದಲ ನಿರೂಪಕಿಯಾದರು. ದೂರದರ್ಶನದ ಚಂದನದಲ್ಲೂ ವರ್ಷಗಟ್ಟಲೆ ಕಾರ್ಯಕ್ರಮ ನಡೆಸಿಕೊಟ್ಟರು. 1998ರ ದೀಪಾವಳಿಯಲ್ಲಿ ಸತತ 8 ಗಂಟೆ ನಿರೂಪಣೆ ಮಾಡಿದರು. 2011ರಲ್ಲಿ ಬೆಂಗಳೂರಿನ ಮೆಟ್ರೋ ಓಡತೊಡಗಿದಾಗ ನಿಲ್ದಾಣಗಳ ಹೆಸರನ್ನು ಕನ್ನಡದಲ್ಲಿ ಹೇಳುತ್ತಿದ್ದ ದನಿಯೂ ಅವರದೇ. ಮುಖ ಕಾಣದೆಯೇ ಜನ ಅವರನ್ನು ಗುರುತಿಸುತ್ತಿದ್ದರು.

ಸಿನಿಮಾ, ರಿಯಾಲಿಟಿ ಶೋ ಎಲ್ಲವನ್ನೂ ನಾವು ಒಪ್ಪಲೇಬೇಕೆಂದಿಲ್ಲ. ಆದರೆ ಆ ಮಾತಿನ ಸ್ವಚ್ಛತೆಯನ್ನು ಮೆಚ್ಚದಿರಲು ಕಾರಣವಿಲ್ಲ. ಅವರ ಕನ್ನಡದಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಕಲಸಿಹೋಗುತ್ತಿರಲಿಲ್ಲ. ಚೀರಾಟವಿರಲಿಲ್ಲ. ಕ್ಯಾನ್ಸರ್‌ನಿಂದ ಬಳಲಿ 2024ರ ಜುಲೈ 11ರಂದು, 57ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಎಂದೂ ಭೇಟಿಯಾಗದವರೂ ಮನೆಯವರನ್ನೇ ಕಳೆದುಕೊಂಡಂತೆ ನೊಂದರು.

ಇನ್ನೊಂದು ಉದಾಹರಣೆ ನೋಡಿ. 1952ರಿಂದ ರೇಡಿಯೋ ಸಿಲೋನ್‌ನಲ್ಲಿ 'ಬಿನಾಕಾ ಗೀತಮಾಲಾ' ನಡೆಸಿ ಉಪಖಂಡದ ಮನೆಮಾತಾದ ಅಮೀನ್ ಸಯಾನಿಯವರ ಭಾಷೆಯ ಮೊದಲ ಪಾಠ ನಡೆದದ್ದು ತಾಯಿಯ ಬಳಿ. ತಾಯಿ ಕುಲ್ಸುಮ್ ಸಯಾನಿ ವಯಸ್ಕರ ಶಿಕ್ಷಣಕ್ಕಾಗಿ ದುಡಿದವರು. ಸರಳ ಹಿಂದುಸ್ತಾನಿಯಲ್ಲಿ 'ರಹಬರ್' ಎಂಬ ಪತ್ರಿಕೆಯನ್ನು ದೇವನಾಗರಿ, ಉರ್ದು, ಗುಜರಾತಿ ಮೂರೂ ಲಿಪಿಗಳಲ್ಲಿ ಹೊರತರುತ್ತಿದ್ದರು. ಆ ಕೆಲಸದಲ್ಲಿ ಮಗ ಕೈಜೋಡಿಸಿದ್ದ. ಎಲ್ಲರಿಗೂ ತಿಳಿಯುವ ಮಾತು ಹೇಗಿರಬೇಕೆಂದು ಅವನು ಕಲಿತದ್ದು ಅಲ್ಲಿ. ತಾಯಿಯ ನಾಲಿಗೆ ಮಗುವಿನ ಮೊದಲ ಶಾಲೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಇನ್ನು 'ಮಂದಿ ಏನಂದಾರು' ಎಂಬ ಪ್ರಶ್ನೆ. ಹ. ಆಯಿಶಾ(ರ) ಅವರಿಂದ 2,210 ಹದೀಸ್‌ಗಳು ವರದಿಯಾಗಿವೆ. ದೊಡ್ಡ ದೊಡ್ಡ ಸಹಾಬಿಗಳು ಅವರ ಬಳಿ ಬಂದು ಸಂಶಯ ಪರಿಹರಿಸಿಕೊಳ್ಳುತ್ತಿದ್ದರು. ಹೆಣ್ಣಿನ ಮಾತು ಮನೆಯ ಹೊಸ್ತಿಲು ದಾಟಬಾರದೆಂದಿದ್ದರೆ ಇಷ್ಟೊಂದು ಜ್ಞಾನ ನಮ್ಮನ್ನು ತಲುಪುತ್ತಿತ್ತೇ? ಇಸ್ಲಾಮ್ ಕೇಳುವುದು ಮಾತಿನ ಮರ್ಯಾದೆಯನ್ನು. ಲುಕ್ಮಾನರು ಮಗನಿಗೆ ನೀಡಿದ ಉಪದೇಶದಲ್ಲಿ ದನಿಯನ್ನು ಹದದಲ್ಲಿಡುವ ಮಾತೂ ಇದೆ. ಅದು ಮಗಳಿಗೂ ಅನ್ವಯಿಸುತ್ತದೆ, ಮಗನಿಗೂ ಅನ್ವಯಿಸುತ್ತದೆ, ಸೊಸೆಯ ಮೇಲೆ ರೇಗುವ ಅತ್ತೆಗೂ ಅನ್ವಯಿಸುತ್ತದೆ.

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಆಕಿ ಏನ್ ಮಾತಾಡ್ತಾಳಂತ ಮೊದಲ ನನಗ ಓದಿ ತೋರಿಸಲಿ" ಎಂದರು. ಹದಿನೈದು ದಿನ, ಇಶಾ ನಮಾಝ್ ಮುಗಿದ ಮೇಲೆ ಮಗಳು ಓದಿದಳು, ತಾಯಿ ಕೇಳಿದರು. ವಾರ್ಷಿಕೋತ್ಸವದಂದು ಹುಡುಗಿ ತಲೆ ಮೇಲಿನ ದುಪಟ್ಟಾ ಸರಿಪಡಿಸಿಕೊಂಡು ಮೈಕ್ ಮುಂದೆ ನಿಂತಳು. ಒಂದೆರಡು ಕಡೆ ತಡವರಿಸಿದಳು, ಮತ್ತೆ ಮುಂದುವರಿಸಿದಳು. ಹಿಂದಿನ ಸಾಲಿನಲ್ಲಿ ಕುಳಿತ ತಾಯಿಯ ತುಟಿಗಳೂ ಅವಳೊಂದಿಗೇ ಅಲುಗಾಡುತ್ತಿದ್ದವು.

ಸಹೋದರಿಯರೇ, ನಿಮ್ಮ ಮಗಳು ರೇಡಿಯೋಗೆ ಹೋಗಲೇಬೇಕೆಂದು ನಾನು ಹೇಳುತ್ತಿಲ್ಲ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ತಹಶೀಲ್ದಾರ್ ಕಚೇರಿಯಲ್ಲಿ ತನ್ನ ಹಕ್ಕನ್ನು ಅಂಜದೆ, ಅಳದೆ, ಸ್ಪಷ್ಟವಾಗಿ ಕೇಳುವಷ್ಟು ಮಾತು ಅವಳಿಗೆ ಬೇಕು. ಇಂದು ರಾತ್ರಿ ಟಿ.ವಿ. ಆರಿಸಿ. ಹತ್ತು ನಿಮಿಷ ಅವಳಿಂದ ಏನಾದರೂ ಗಟ್ಟಿಯಾಗಿ ಓದಿಸಿ, ನೀವು ಕೇಳಿ. ಅಲ್ಲಾಹನು ನಮ್ಮ ಮಕ್ಕಳ ಮಾತಿನಲ್ಲಿ ಸತ್ಯವನ್ನೂ ಸೌಮ್ಯತೆಯನ್ನೂ ದಯಪಾಲಿಸಲಿ.